ಪರದೆಯ ಒಳಗಿನ ಡಿಜೆ

ಜೋಗೇಶ್ವರಿಯ ನಮ್ಮ ಚಾಳಿನಲ್ಲಿ ಕೌಸರ ಎಂದರೆ ಮೊದಲೆಲ್ಲ ಮೆಹಂದಿ ಹಾಕುವ ಕೌಸರ. ಇಂಡಿ ಕಡೆಯ ಹೆಣ್ಣುಮಗಳು. ಮನೆಯಲ್ಲಿ ದಖನಿ, ನನ್ನೊಡನೆ ಕನ್ನಡ, ಸಂತೆಯಲ್ಲಿ ಹಿಂದಿ, ಮೀನಿನವಳ ಹತ್ತಿರ ಜಗಳಕ್ಕೆ ನಿಂತರೆ ಮರಾಠಿ. ನಾನು ಪಕ್ಕದ ಖೋಲಿಯಲ್ಲಿ ಬ್ಲೌಸ್ ಹೊಲಿಯುತ್ತೇನೆ. ಬೆಳಿಗ್ಗೆ ನಾನು ಪೂಜೆ ಮುಗಿಸಿ ಮಶೀನಿನ ಮುಂದೆ ಕೂಡುವ ಹೊತ್ತಿಗೆ ಅವಳೂ ನಮಾಜು ಮುಗಿಸಿ, ಚಹಾ ಹಿಡಿದು ನನ್ನ ಹೊಸ್ತಿಲಿಗೆ ಬರುತ್ತಾಳೆ. ಅವಳು ಮಾತಾಡುತ್ತಾಳೆ, ನಾನು ಕೇಳುತ್ತೇನೆ. ಇಬ್ಬರಿಗೂ ಅದೇ ಹಿತ.

ಕೌಸರಳ ತಮ್ಮ ಇಜಾಜ ಮದುವೆಗಳಿಗೆ ಸೌಂಡ್ ಬಾಡಿಗೆ ಕೊಡುತ್ತಾನೆ. ಹಾಡು ಹಚ್ಚುವವನೂ ಅವನೇ. ಅವರಲ್ಲಿ ಹಳದಿಯ ದಿನ, ಮದುಮಗಳಿಗೆ ಅರಿಸಿನ ಹಚ್ಚುವಾಗ, ಹೆಂಗಸರ ಹಾಲ್‌ನೊಳಗೆ ಗಂಡಸರು ಬರುವಂತಿಲ್ಲ. ಆದರೆ ಹುಡುಗಿಯರಿಗೆ ಕುಣಿಯಲು ಡಿಜೆ ಬೇಕು. ಅದಕ್ಕೆ ಬಾಗಿಲಿಗೆ ದಪ್ಪ ಪರದೆ ಕಟ್ಟುತ್ತಿದ್ದರು. ಸ್ಪೀಕರ್ ಪೆಟ್ಟಿಗೆಗಳು ಒಳಗೆ, ಇಜಾಜ ಹೊರಗೆ. ಒಳಗೆ ಏನು ನಡೆದಿದೆ ಎಂದು ಅವನಿಗೆ ಕಾಣುತ್ತಿರಲಿಲ್ಲ. ಮದುಮಗಳು ತಲೆ ತಗ್ಗಿಸಿ ಬರುವಾಗ ಕುಣಿತದ ಹಾಡು ಹಚ್ಚುವನು. ಹುಡುಗಿಯರು ದಣಿದು ಕೂತರೆ ಇನ್ನೂ ಜೋರು ಮಾಡುವನು. ಆಗೆಲ್ಲ ಕೌಸರ ಮೆಹಂದಿ ಕೋನ್ ಕೆಳಗಿಟ್ಟು, ಪರದೆಯ ಅಂಚಿಗೆ ಬಾಯಿ ಹಚ್ಚಿ ಹೇಳುತ್ತಿದ್ದಳು: "ಇಜಾಜ, ಮೆಲ್ಲಕ. ಮುದುಕ್ಯಾರು ಕಿವಿ ಮುಚ್ಕೊಂಡಾರ."

ಹೀಗೆ ಅವನ ಕಣ್ಣಾಗಿ ಇದ್ದೂ ಇದ್ದೂ ಅವಳಿಗೆ ಅನಿಸಿತು, ನಾನೇ ಯಾಕೆ ಹಚ್ಚಬಾರದು? ಮಧ್ಯಾಹ್ನ ಇಜಾಜನ ಯಂತ್ರದ ಮೇಲೆ ಕೈ ಆಡಿಸತೊಡಗಿದಳು. ಡಿಜೆ ಕಂಟ್ರೋಲರ್ ಅಂದರೆ ಲ್ಯಾಪ್‌ಟಾಪಿನ ಹಾಡುಗಳನ್ನು ಆಡಿಸುವ ಹಲಗೆ: ಎಡಬಲಕ್ಕೆ ತಿರುಗುವ ಎರಡು ತಟ್ಟೆ, ನಡುವೆ ಗುಂಡಿಗಳು, ಹಾಡಿನ ಓಟ ಹೆಚ್ಚು ಕಡಿಮೆ ಮಾಡಲು ಬದಿಗೊಂದು ಜಾರುಪಟ್ಟಿ. ಕಲಿಸುವವರು ಇರಲಿಲ್ಲ. ತಾನೇ ಕೇಳಿ ಕೇಳಿ ಕಲಿತಳು.

ಇಜಾಜ ಮೊದಲು ನಕ್ಕ. ಆಮೇಲೆ ಅಕ್ಕನಿಗೆ ಹೇಳಿದ: "ಆಪಾ, ಮಜೀದನ ಮಗಳು ಕೈನಾತಳ ಹಳದಿ ಬಂದೈತಿ. ಅದನ್ನ ನೀನ ಮಾಡು. ಚಂದ ಆತಂದ್ರ ಇನ್ನ ಮ್ಯಾಲ ಹೆಂಗಸರ ಕೆಲಸ ಎಲ್ಲಾ ನಿಂದ. ನಡುವ ಹಾಡು ನಿಂತ್ರ ಮಾತ್ರ ಮತ್ತ ಕೋನ್ ಹಿಡೀಬೇಕು."

"ಆತು. ಆದ್ರ ಹಲಗಿ ನಾ ಆರಿಸ್ತೀನಿ."

ಇಜಾಜನ ಹಲಗೆ ಟೆಂಪೋದಲ್ಲಿ ಹೋಗುವಂಥದ್ದು, ಬಾಗಿಲಷ್ಟು ಅಗಲ. ಕೌಸರ ಹೋಗಬೇಕಾದದ್ದು ಲೋಕಲ್ ರೈಲಿನಲ್ಲಿ, ಲೇಡೀಸ್ ಡಬ್ಬಿಯಲ್ಲಿ. ಎಷ್ಟು ಅಗಲದ್ದು ತೊಡೆಯ ಮೇಲೆ ಹಿಡಿಸುತ್ತದೆ? ನಾನು ನನ್ನ ಕತ್ತರಿ ತೆಗೆದು ರಟ್ಟಿನಲ್ಲಿ ಮೂರು ಅಳತೆ ಕತ್ತರಿಸಿಕೊಟ್ಟೆ. ಸಂಜೆಯ ನೂಕಾಟದಲ್ಲಿ ಇಬ್ಬರೂ ಬೊರಿವಲಿಗೆ ಹೊರಟೆವು. ದೊಡ್ಡ ರಟ್ಟು ಹತ್ತುವಾಗಲೇ ಮಡಚಿಹೋಯಿತು. ನಡುವಿನದ್ದನ್ನು ಕೌಸರ ಎದೆಗವಚಿಕೊಂಡು ನಿಂತಳು. ಎದುರಿಗೆ ಬಟಾಣಿ ಸುಲಿಯುತ್ತ ಕೂತ ಹೆಂಗಸು, ಯಾರ ಫೋಟೋಕ್ಕೆ ಈ ಫ್ರೇಮು ಎಂದು ಕೇಳಿದಳು: "ಕ್ಯಾ ಹೈ, ಫ್ರೇಮ್? ಕಿಸ್ಕಾ ಫೋಟೋ ಲಗಾಯೇಗಿ?"

"ಮೇರಾ ಹೀ," ನನ್ನದೇ, ಎಂದಳು ಕೌಸರ. ಡಬ್ಬಿಯೆಲ್ಲ ನಕ್ಕಿತು. ನಗುತ್ತಲೇ ಆಕೆ ಜರುಗಿ ಜಾಗ ಕೊಟ್ಟಳು. ರಟ್ಟು ತೊಡೆಯ ಮೇಲೆ ಸರಿಯಾಗಿ ಕೂತಿತು. ಅಳತೆ ಅಲ್ಲೇ ಗಟ್ಟಿಯಾಯಿತು.

ಬೊರಿವಲಿ ಅಂಗಡಿಯ ಹುಡುಗ ನವೀನ ಮಂಗಳೂರು ಕಡೆಯವನು, ಹುಟ್ಟಿದ್ದು ಇಲ್ಲೇ. ನಮ್ಮ ಮಾತು ಕೇಳಿ ತಡವರಿಸುತ್ತ ಕನ್ನಡಕ್ಕೆ ಇಳಿದ.

"ಯಾರಿಗೆ ಆಂಟಿ? ಮಗನಿಗಾ?"

"ನನಗ."

"ನಿಮಗಾ? ಓಕೆ... ಸೂಪರ್!"

ಮೊದಲು ಒಂದು ಹಲಗೆ ತೆಗೆದ. ಮುಟ್ಟಿದಲ್ಲೆಲ್ಲ ಬಣ್ಣದ ದೀಪ. "ಇಷ್ಟು ದೀಪ ಯಾಕಪಾ? ನಮ್ಮ ಹುಡುಗ್ಯಾರ ಝುಮಕಿ ಸಾಕು," ಎಂದಳು ಕೌಸರ. ಇನ್ನೊಂದು ಪರ್ಸಿನಲ್ಲಿ ಹಿಡಿಸುವಷ್ಟು ಪುಟ್ಟದು, ಎಲ್ಲಕ್ಕಿಂತ ಅಗ್ಗ. ಅದಕ್ಕೆ ಹೆಡ್‌ಫೋನಿನ ತೂತೇ ಇರಲಿಲ್ಲ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಹಿಂದೆ ಸರಿಸಿದಳು. "ಮುಂದಿನ ಹಾಡು ಎಲ್ಲಾರಿಗಿಂತ ಮೊದಲ ನನ್ನ ಕಿವಿಗೆ ಬೀಳಬೇಕು. ಇದರಾಗ ನನಗೂ ಅವರಿಗೂ ಕೂಡೇ ಕೇಳ್ತದ. ತಪ್ಪಾದ್ರ ಎಲ್ಲಿ ಮುಚ್ಚಿಡಲಿ?"

ಕಡೆಗೆ ಎರಡು ಉಳಿದವು. ಎರಡೂ ನಮ್ಮ ರಟ್ಟಿನಷ್ಟೇ. ಒಂದರ ಜಾರುಪಟ್ಟಿ ಗಿಡ್ಡ, ಮೈಕ್ ಚುಚ್ಚಲು ಜಾಗವಿತ್ತು. ಇನ್ನೊಂದರ ಜಾರುಪಟ್ಟಿ ಉದ್ದ, ಬೆರಳು ಕೂದಲೆಳೆಯಷ್ಟು ಸರಿಸಿದರೂ ಹಾಡಿನ ಓಟ ಹೇಳಿದ ಮಾತು ಕೇಳುತ್ತಿತ್ತು. ಕೌಸರ ಕಣ್ಣು ಮುಚ್ಚಿ ಅದನ್ನು ಮೇಲೆ ಕೆಳಗೆ ಆಡಿಸಿದಳು. ಇದೇ ಬೇಕು ಎಂದಳು.

"ಆಂಟಿ, ಇದ್ರಲ್ಲಿ ಮೈಕಿಗೆ ಜಾಗ ಇಲ್ಲ," ಎಂದ ನವೀನ. "ಫಂಕ್ಷನ್‌ಗೆ ಮೈಕ್ ಬೇಕಾಗ್ತದೆ. ಒಮ್ಮೆ ಯೋಚಿಸಿ."

"ನಿನಗ ನಮ್ಮ ರಿವಾಜು ಗೊತ್ತಿಲ್ಲ. ಹೆಂಗಸರ ದನಿ ಪರದೆ ದಾಟಬಾರದು. ಹಿರೇರು ಮೈಕ್ ಮುಟ್ಟಂಗಿಲ್ಲ, ಮೈಕ್ ಹಿಡದು ನಾ ಏನ್ ಮಾಡ್ಲಿ?"

ನನಗೂ ಅದು ಸರಿಯೆನಿಸಿತು.

ಕೈನಾತಳ ಹಳದಿಯ ಮಧ್ಯಾಹ್ನ ನಾನೂ ಹೋಗಿದ್ದೆ. ಬ್ಲೌಸುಗಳು ನನ್ನವೇ. ಹಾಲ್‌ನ ಮೂಲೆಯಲ್ಲಿ, ಹೆಂಗಸರಿಗೆ ಮುಖ ಮಾಡಿ, ಒಂದೇ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಕೌಸರ ಕೂತಿದ್ದಳು. ಪರದೆಯ ಆಚೆ ಈಗ ಇಜಾಜನಿಗೆ ಕೆಲಸವಿಲ್ಲ. ಮದುಮಗಳ ಅಪ್ಪ ಮಜೀದನ ಜೊತೆ ಕುರ್ಚಿ ಹಾಕಿಕೊಂಡಿದ್ದ. ಕೈನಾತ ಬಾಗಿಲಲ್ಲಿ ಕಂಡೊಡನೆ ಹಾಡು ತಾನಾಗಿ ಮೆತ್ತಗಾಯಿತು. ಅವಳು ಕೂತ ಮೇಲೆ ಏರಿತು. ಹುಡುಗಿಯರ ಹೆಜ್ಜೆ ಸೋತಾಗ ಇಳಿಯಿತು. ಒಂದು ಹಾಡು ಹೋಗಿ ಇನ್ನೊಂದು ಬಂದದ್ದು ಯಾರಿಗೂ ತಿಳಿಯಲಿಲ್ಲ. "ಕೌಸರ ಖಾಲಾ, ವನ್ಸ್ ಮೋರ್!" ಎಂದು ಹುಡುಗಿಯರು ಕಿರುಚಿದರು.

ಆಗ ಕೈನಾತಳ ಅಜ್ಜಿ ಬಷೀರಾ ಢೋಲಕ್ ಎಳೆದುಕೊಂಡು ಕೂತಳು. ಮಜೀದನ ತಾಯಿ, ಊರಿನಿಂದ ಬಂದವಳು. "ಏ ಡಿಜೆ, ಮೈಕ್ ತಾ ಇತ್ತ. ಹಳದಿ ಹಾಡು ಹೇಳೂಣು."

ಕೌಸರಳ ಕೈ ನಿಂತಿತು. "ದಾದಿಮಾ, ಮೈಕ್ ಇಲ್ರಿ. ನಿಮ್ಮಂಥಾ ಹಿರೇರು ಮೈಕಿನಾಗ ಹಾಡಂಗಿಲ್ಲಂತ..."

"ಯಾರ ಹೇಳಿದ್ರು? ಗಂಡಸರಿಗೆ ಕೇಳ್ತದಂತ? ಈ ಹರಕು ದನಿ ಕೇಳಿ ಯಾಂವ ಕೆಡ್ತಾನ?" ಹೆಂಗಸರು ಬಿದ್ದು ಬಿದ್ದು ನಕ್ಕರು. ಬಷೀರಾ ನಗಲಿಲ್ಲ. "ಪರದೆ ಆಚೆ ನನ್ನ ಮಗ ಕುಂತಾನ. ಮಗಳನ್ನ ಕಳಸಾಕ್ಹತ್ಯಾನ. ಅಂವಗ ಕೇಳಬೇಕು ಈ ಹಾಡು. ಅದಕ್ಕ ಬಂದೀನಿ ಅಷ್ಟ ದೂರದಿಂದ."

ನಗು ಅಡಗಿತು. ಹಚ್ಚಿದ್ದ ಹಾಡೂ ಕೊನೆಗೆ ಬಂದಿತ್ತು. ಆಚೆಯಿಂದ ಇಜಾಜನ ದನಿ: "ಆಪಾ, ಏನಾತು? ಹಾಡು ಮುಗೀತದ ನೋಡು!"

ನಾನು ಮನಸ್ಸಿನಲ್ಲೇ ಶಿವನ ಹೆಸರು ಹಿಡಿದೆ. ಕೌಸರ ಮುದುಕಿಯನ್ನು ನೋಡಿದಳು, ಪರದೆಯನ್ನು ನೋಡಿದಳು. ಆ ಪರದೆಯ ಅಂಚು ಅವಳಿಗೆ ಗೊತ್ತಿದ್ದಷ್ಟು ಯಾರಿಗೆ ಗೊತ್ತು? ವರ್ಷಗಟ್ಟಲೆ ಅಲ್ಲಿಗೇ ಬಾಯಿ ಹಚ್ಚಿ ಮಾತಾಡಿದವಳು.

"ದಾದಿಮಾನ ಕುರ್ಚಿ ಪರದೆ ಹತ್ರ ಒಯ್ರಿ," ಎಂದಳು. "ಅಲ್ಲಲ್ಲ, ಎಡಕ್ಕ. ಅಂಚಿಗೆ. ಮಾರಿ ಆ ಕಡೆ ಮಾಡ್ರಿ. ನೀವೆಲ್ಲ ಅವರ ಹಿಂದ ಕೂಡ್ರಿ, ಬಳಿ ಸಪ್ಪಳ ಮಾಡಬ್ಯಾಡ್ರಿ."

ಹೇಳುತ್ತಲೇ ಮುಗಿಯುತ್ತಿದ್ದ ಹಾಡಿನ ಬರೀ ತಾಳದ ತುಣುಕನ್ನು ಹಿಡಿದು, ಅದೇ ಮತ್ತೆ ಮತ್ತೆ ಬರುವಂತೆ ಸುತ್ತಿಸಿದಳು. ಗುಡುಗುವ ದನಿಯ ಗುಂಡಿ ತಿರುಗಿಸಿ ಅದನ್ನು ಚಿಟಿಕೆಯಷ್ಟು ಮೆತ್ತಗೆ ಮಾಡಿದಳು. ಬಷೀರಾ ಢೋಲಕ್ ತಟ್ಟಿದಳು. ಅವಳ ತಾಳ ನಿಧಾನ. ಕೌಸರ ಒಂದು ಕಿವಿ ಹೆಡ್‌ಫೋನಿಗೆ, ಒಂದು ಕಿವಿ ಮುದುಕಿಗೆ ಕೊಟ್ಟು ಆ ಉದ್ದನೆಯ ಜಾರುಪಟ್ಟಿಯನ್ನು ಒಂದಿಷ್ಟು ಕೆಳಗೆ ತಂದಳು. ಎರಡೂ ತಾಳ ಒಂದಾದವು. ಬಷೀರಾ ಹಾಡುತ್ತ ಒಮ್ಮೆ ಉಸಿರು ಹಿಡಿದು ತಡೆದಳು, ಒಮ್ಮೆ ಉಮೇದಿನಲ್ಲಿ ಓಡಿದಳು. ಕೌಸರಳ ಬೆರಳು ಅವಳ ಹಿಂದೆಯೇ ಹೋಯಿತು. ಮುದುಕಿಗೆ ಗೊತ್ತೇ ಆಗದಂತೆ ಅವಳ ಢೋಲಕ್ಕಿಗೆ ಇನ್ನೊಂದು ಕೈ ಕೂಡಿದಂತಾಗಿತ್ತು.

ಹಾಡು ಮುಗಿಯಿತು, ತಾಳ ಉಳಿದಿತ್ತು. ಪರದೆಯ ಆಚೆ ಯಾರೋ ಮೂಗು ಒರೆಸಿಕೊಂಡ ಸಪ್ಪಳ. ಆಮೇಲೆ ಮಜೀದನ ದನಿ ಬಂತು: "ಅಮ್ಮೀ, ಇನ್ನೊಂದ ಹೇಳು."

"ನನ್ನ ಯಾಕ ಕೇಳ್ತಿ? ಡಿಜೆನ ಕೇಳು," ಎಂದಳು ಬಷೀರಾ, ಓಡಣಿಯಲ್ಲಿ ಬೆವರೊರೆಸುತ್ತ.

"ಹೇಳ್ರಿ ದಾದಿಮಾ, ನಾ ತಯಾರ ಅದೀನಿ," ಎಂದಳು ಕೌಸರ.

ಎರಡನೆಯ ಹಾಡೂ ಮುಗಿದು ಹುಡುಗಿಯರು ಮತ್ತೆ ಕುಣಿಯಲು ಎದ್ದಾಗ ಪರದೆಯ ಕೆಳಗಿನಿಂದ ಒಂದು ಕೈ ಬಂತು. ಇಜಾಜನ ಕೈ. ಅದರಲ್ಲಿ ಅವನ ಫೋನು. ನಾನು ಒಯ್ದು ಕೌಸರಳಿಗೆ ಕೊಟ್ಟೆ.

"ಆಪಾ, ದಹಿಸರ್‌ನವರು ಫೋನ್ ಮಾಡ್ಯಾರ," ಎಂದು ಆಚೆಯಿಂದ ಕೂಗಿದ. "ಹಳದಿ ಐತಂತ. ಹೆಂಗಸರ ಕೆಲಸ ಇನ್ನ ನಂದಲ್ಲ, ಆಪಾನ ಕೂಡ ಮಾತಾಡ್ರಿ ಅಂದೀನಿ."

ಕೌಸರ ಒಂದು ಕಿವಿಯ ಹೆಡ್‌ಫೋನ್ ತೆಗೆಯದೆ ಇನ್ನೊಂದಕ್ಕೆ ಫೋನ್ ಹಚ್ಚಿದಳು. ದಿನ ಯಾವುದು, ಹಾಲ್ ಎಲ್ಲಿ ಎಂದು ಆಮೇಲೆ ಕೇಳಿದಳು. ಮೊದಲು ಕೇಳಿದ್ದು ಇದು:

"ನಿಮ್ಮ ಮನಿಯಾಗ ಹಾಡೋರು ಯಾರ್ಯಾರು ಅದಾರ?"