ಅಮ್ಮನಿಗೊಂದು ಕೂರುವ ಜಾಗ

ನೆರೂಳದ ನಮ್ಮ ಫ್ಲ್ಯಾಟಿಗೆ ಒಳಾಂಗಣ ವಿನ್ಯಾಸ ಮಾಡಿಕೊಟ್ಟವರು ವಿಜಯಪುರ ಕಡೆಯ ಹೆಂಗಸು. ಅಳತೆಪಟ್ಟಿ ತೆಗೆಯುವ ಮೊದಲು ಅವರು ಒಂದೊಂದು ಕೋಣೆಯಲ್ಲೂ ಬರಿನೆಲದ ಮೇಲೆ ಕೂರುತ್ತಿದ್ದರು. ಯಾವ ಮನೆಗೆ ಹೋದರೂ ಅವರದು ಒಂದೇ ಮಾತು: “ಮೊದಲ ಕುಂತ ನೋಡೂಣ್ರಿ.”

ಹಾಲ್‌ನಲ್ಲಿ ಗೋಡೆ ತುಂಬ ಶೋಕೇಸ್ ಬೇಕೆಂಬುದು ಅಪ್ಪನ ಆಸೆ. ಅದನ್ನು ಬರೆದುಕೊಂಡ ಅವರು ಅಮ್ಮನ ಕಡೆ ತಿರುಗಿದರು.

“ಅಕ್ಕಾರ, ನೀವ ಎಲ್ಲಿ ಕುಂಡ್ರತೀರಿ?”

“ನಾನೆಂಥ ಕೂರುವುದು? ಅಡುಗೆಮನೆಯಲ್ಲೇ ಇರ್ತೇನಲ್ಲ” ಎಂದು ಅಮ್ಮ ನಕ್ಕಳು. ಊಟವನ್ನೂ ಅವಳು ಒಲೆಯ ಪಕ್ಕ ನಿಂತೇ ಮುಗಿಸುತ್ತಿದ್ದಳು. ನಾವು ಯಾರೂ ಅದನ್ನು ಗಮನಿಸಿರಲಿಲ್ಲ.

ಅವರು ಅಡುಗೆಮನೆಯ ಕಿಟಕಿಯ ಬಳಿ ಪೇಂಟ್ ಡಬ್ಬಿಯೊಂದನ್ನು ಬೋರಲು ಹಾಕಿ ಅಮ್ಮನನ್ನು ಕೂರಿಸಿದರು. ಸಂಜೆಯ ಹೊತ್ತು. ಸ್ಟೇಷನ್ನಿನಿಂದ ಜನ ಮನೆಗೆ ಮರಳುತ್ತಿದ್ದರು.

“ಇಲ್ಲಿಂದ ರೈಲು ಕಾಣ್ತದಾ!” ಎಂದ ಅಮ್ಮ ಬಹಳ ಹೊತ್ತು ಏಳಲಿಲ್ಲ.

ಅಲ್ಲೊಂದು ಬೆಂಚು ಬರಬೇಕಾದರೆ ಫ್ರಿಜ್ ಹಾಲ್‌ಗೆ ಹೋಗಬೇಕು, ಶೋಕೇಸಿಗೆ ಜಾಗ ಉಳಿಯುವುದಿಲ್ಲ ಎಂದು ಅವರು ಅಪ್ಪನಿಗೆ ಮೆಲ್ಲಗೆ ಹೇಳಿದರು. ಬಾಗಿಲಲ್ಲಿ ನಿಂತು ಅಮ್ಮನನ್ನೇ ನೋಡುತ್ತಿದ್ದ ಅಪ್ಪ, “ಶೋಕೇಸ್ ಬೇಡ ಬಿಡಿ” ಎಂದರು.

ವಿನ್ಯಾಸ ಮಾಡಿಕೊಟ್ಟ ಆ ಹೆಂಗಸು ಈಗಿಲ್ಲ. ನಮ್ಮ ಸೆಕ್ಟರಿನ ಎಷ್ಟೋ ಅಡುಗೆಮನೆಗಳಲ್ಲಿ ಕಿಟಕಿಗೊಂದು ಬೆಂಚು ಇದೆ. ಅವರ ಕೈಕೆಳಗೆ ಕಲಿತ ಬಡಗಿಗಳು ಕೇಳದೆಯೇ ಮಾಡಿಕೊಡುತ್ತಾರೆ.

ನಮ್ಮ ಮನೆಯ ಕೆಲಸ ಮುಗಿದ ವಾರ, ಅಪ್ಪ ಹಾಲ್‌ನಲ್ಲಿ ಕೂತೇ ಚಹಾ ಕೇಳಿದರು.

“ಸ್ವಲ್ಪ ತಡೀರಿ, ಕೂತಿದ್ದೇನೆ” ಎಂದಳು ಅಮ್ಮ.

ಅವಳ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ಅಪ್ಪ ಕಾದರು.