ಆರೂವರೆಗೆ ಹೇಳಿದ ಸುದ್ದಿ

ಎಂಬತ್ತರ ದಶಕದ ನಡುವಿನ ಆ ಬೇಸಿಗೆಯಲ್ಲಿ ನಾನು ಹೇವರ್ಡ್‌ನಲ್ಲಿ ಓದುತ್ತಿದ್ದೆ ಎಂದು ಬರೆದರೆ ನನ್ನ ಪ್ರೊಫೆಸರು ನಕ್ಕಾರು. ಅವರು ಪಾಠ ಮಾಡಿದ್ದು ನನಗೆ ಒಂದಿಷ್ಟೂ ನೆನಪಿಲ್ಲ. ಪಾಠದ ನಡುವೆ ಅವರು ಕೆಮ್ಮುತ್ತಿದ್ದುದು ಮಾತ್ರ ಇವತ್ತು ಕೇಳಿದರೂ ಹಾಗೇ ಕೆಮ್ಮಿ ತೋರಿಸಬಲ್ಲೆ. ಯಾರ ದನಿ ಕಿವಿಗೆ ಬಿದ್ದರೂ ಅದು ನನ್ನ ಗಂಟಲಿಗೆ ಇಳಿದುಬಿಡುತ್ತಿತ್ತು. ನನ್ನ ಸ್ವಂತ ದನಿಯೊಂದೇ ನನಗೆ ಸರಿಯಾಗಿ ಬರುತ್ತಿರಲಿಲ್ಲ. ಬೆಂಗಳೂರಿಗೆ ಫೋನು ಮಾಡಿದರೆ ನನ್ನ ತಾಯಿ ಮೊದಲು ಕೇಳುತ್ತಿದ್ದುದು, "ಇವತ್ತು ಯಾರು ಮಾತಾಡ್ತಿರೋದು?" ಎಂದು.

ಭಾನುವಾರದ ಊಟಕ್ಕೆ ನಾನು ಹೋಗುತ್ತಿದ್ದುದು ಉಡುಪಿ ಕಡೆಯ ಒಂದು ಸಂಸಾರದ ಅಪಾರ್ಟ್‌ಮೆಂಟಿಗೆ. ಮನೆಯ ಯಜಮಾನರನ್ನು ನಾನು ಅಣ್ಣ ಎನ್ನುತ್ತಿದ್ದೆ. ಅವರು ಹೇವರ್ಡ್‌ನಲ್ಲೇ ಒಂದು ವೇರ್‌ಹೌಸಿನ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ಅತ್ತಿಗೆಗೆ ಭಾನುವಾರವೂ ಆಸ್ಪತ್ರೆಯಲ್ಲಿ ಡ್ಯೂಟಿ. ಹಾಗಾಗಿ ಅಡುಗೆಮನೆ ಅಣ್ಣನ ತಾಯಿಯ ರಾಜ್ಯ. ಅಜ್ಜಿಯ ಜೊತೆ ಅಲ್ಲಿ ಸದಾ ಇರುತ್ತಿದ್ದವಳು ಹತ್ತು ವರ್ಷದ ಮೊಮ್ಮಗಳು. ಆ ಹುಡುಗಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಜ್ಜಿ "ಬಾಯಿ ತೆರೆದು ಕನ್ನಡ ಹೇಳು ಮಗಾ" ಎಂದರೆ ಬಾಯಿ ತೆರೆದು ಉಪ್ಪಿನಕಾಯಿ ಹಾಕಿಕೊಳ್ಳುತ್ತಿದ್ದಳು.

ಫ್ರಿಜ್ಜಿನ ಮೇಲೆ ಒಂದು ರೇಡಿಯೊ ಇತ್ತು. ಅದರಲ್ಲಿ ನಮ್ಮ ಟೀಮಿನ ಬೇಸ್‌ಬಾಲ್ ಬರುತ್ತಿತ್ತು. ಕ್ರಿಕೆಟ್ಟು ಸಿಗದ ಊರಿನಲ್ಲಿ ಸಿಕ್ಕಿದ್ದಕ್ಕೆ ಅಂಟಿಕೊಂಡ ಜನ ನಾವು. ಆಟದಲ್ಲಿ ಮೈದಾನದ ದೂರದ ಹುಲ್ಲಿನ ಮೇಲೆ ಮೂವರು ನಿಲ್ಲುತ್ತಾರೆ. ಅವರಲ್ಲಿ ಎಡಗಡೆಯವನು ಆ ಹುಡುಗಿಯ ದೇವರು. ಹಿಂದಿನ ವರ್ಷ ಅಣ್ಣ ನಮ್ಮಿಬ್ಬರನ್ನೂ ಮೈದಾನಕ್ಕೆ ಕರೆದುಕೊಂಡು ಹೋಗಿದ್ದಾಗ ಆತ ನಮ್ಮ ಬೆಂಚುಗಳ ಕಡೆ ತಿರುಗಿ ಟೋಪಿ ಎತ್ತಿದ್ದ. ಅಲ್ಲಿ ಸಾವಿರ ಜನ ಇದ್ದರು. ಆದರೂ ಎತ್ತಿದ್ದು ತನಗೇ ಎಂದು ಅವಳು ತೀರ್ಮಾನಿಸಿದ್ದಳು. ನನಗೇ ಎಂದು ನಾನೂ ತೀರ್ಮಾನಿಸಿದ್ದೆ. ಆದರೆ ಅವಳ ಎದುರು ಹೇಳಿರಲಿಲ್ಲ.

ಈ ಸಲ ಅವಳ ಹುಟ್ಟುಹಬ್ಬಕ್ಕೆ ಮತ್ತೆ ಹೋಗುವುದೆಂದು ನಿಶ್ಚಯವಾಗಿತ್ತು. ಅದಕ್ಕೆ ಅವಳ ತಯಾರಿ ಎಂಥದ್ದೆಂದರೆ, ಅಜ್ಜಿಯ ಹತ್ತಿರ ಕೂತು ಕನ್ನಡ ಅಕ್ಷರ ಕಲಿತಳು. ಎಲ್ಲರೂ ಇಂಗ್ಲಿಷಿನಲ್ಲಿ ಬೋರ್ಡು ಹಿಡಿಯುತ್ತಾರೆ, ಅವನು ಯಾವುದನ್ನೆಂದು ನೋಡುತ್ತಾನೆ? ಕನ್ನಡದಲ್ಲಿ ಹಿಡಿದರೆ ಇದೇನೆಂದು ನಿಂತು ನೋಡಲೇಬೇಕು. ಇದು ಅವಳ ಲೆಕ್ಕ. ಟಿವಿ ಬಂದಿದ್ದ ರಟ್ಟಿನ ಡಬ್ಬ ಕತ್ತರಿಸಿ, ಅದರ ಮೇಲೆ ಆತನ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದು, ಒತ್ತಕ್ಷರ ಎಲ್ಲಿ ಬರುತ್ತದೆಂದು ನನ್ನನ್ನು ಮೂರು ಸಲ ಕೇಳಿದ್ದಳು. ಕೇಳಿದ್ದು ಕನ್ನಡದಲ್ಲಿ. ನನ್ನೊಬ್ಬನ ಹತ್ತಿರ ಮಾತ್ರ ಅವಳು ಕನ್ನಡ ಆಡುತ್ತಿದ್ದಳು, ಅದೂ ನಾನು ಕಲಿಸಿದ ಕಾಮೆಂಟರಿಯ ದನಿಯಲ್ಲಿ. ಆ ಭಾಗ್ಯ ಅಜ್ಜಿಗೂ ಇರಲಿಲ್ಲ ಎಂದು ನಾನು ಒಳಗೊಳಗೇ ಮೆರೆಯುತ್ತಿದ್ದೆ.

ಹುಟ್ಟುಹಬ್ಬಕ್ಕೆ ಇನ್ನೆರಡು ವಾರ ಇರುವಾಗಿನ ಭಾನುವಾರ ಕ್ಯುಪರ್ಟಿನೋದಿಂದ ಅಣ್ಣನ ಗೆಳೆಯರಾದ ಡಾಕ್ಟರು ಬಂದಿದ್ದರು. ಮೈಸೂರಿನವರು. ಸೋಫಾದಲ್ಲಿ ಕೂತರೂ ರೋಗಿಯನ್ನು ನೋಡುವ ಹಾಗೆಯೇ ಕೂರುತ್ತಿದ್ದರು. ಅಜ್ಜಿ ದೇವರ ಮುಂದೆ ಬತ್ತಿ ಸರಿಮಾಡುತ್ತಿದ್ದರು. ಅಜ್ಜಿಯ ದೀಪದ ಹೊತ್ತು ಆರೂವರೆ. ಉಡುಪಿಯಲ್ಲಿ ಆರೂವರೆ, ಆದ್ದರಿಂದ ಇಲ್ಲಿಯೂ ಆರೂವರೆ. ಜೂನ್ ತಿಂಗಳಲ್ಲಿ ಇಲ್ಲಿ ಸೂರ್ಯ ಎಂಟೂವರೆಯವರೆಗೆ ಕದಲುವುದಿಲ್ಲ ಎಂಬುದು ಸೂರ್ಯನ ತೊಂದರೆ.

ನನಗೆ ಅವತ್ತು ತುಂಟತನ ಹತ್ತಿತು. ರೇಡಿಯೊದ ದನಿ ತಗ್ಗಿಸಿ, ಅಡುಗೆಮನೆಯ ಬಾಗಿಲ ಹಿಂದೆ ನಿಂತು, ಸ್ಟೀಲಿನ ತಂಬಿಗೆಯನ್ನು ಬಾಯಿಗೆ ಹಿಡಿದುಕೊಂಡೆ. ನಮ್ಮ ಟೀಮಿನ ರೇಡಿಯೊದವನು ಕೊನೆಯ ಪದವನ್ನು ಮೂಗಿನಲ್ಲಿ ಎಳೆಯುತ್ತಿದ್ದ. ನಾನೂ ಎಳೆದೆ. "ಈಗ ಬಂದ ಸುದ್ದಿ" ಎಂದು ಇಂಗ್ಲಿಷಿನಲ್ಲಿ ಶುರುಮಾಡಿ, ನಮ್ಮ ಎಡಗಡೆಯವನನ್ನು ಪೂರ್ವ ತೀರದ ಒಂದು ಟೀಮಿಗೆ ಕೊಟ್ಟು, ಬದಲಿಗೆ ಇನ್ನೂ ದೊಡ್ಡ ಆಟ ಆಡದ ಮೂವರು ಎಳೆಯ ಹುಡುಗರನ್ನು ತರಲಾಗಿದೆ ಎಂದು ಓದಿದೆ. ಪೂರ್ತಿ ನನ್ನ ತಲೆಯಿಂದ ಬಂದದ್ದಲ್ಲ. ಪತ್ರಿಕೆಗಳಲ್ಲಿ ಹಾಗೊಂದು ಪಿಸುಮಾತು ಓಡಾಡುತ್ತಿತ್ತು.

ಹಾಲ್‌ನಿಂದ ಮೊದಲು ಬಂದದ್ದು ಡಾಕ್ಟರ ದನಿ. "ಏನ್ರೀ ಇದು? ಸರ್ಜನ್‌ನ ಕಳಿಸಿಬಿಟ್ಟು ಮೂರು ಜನ ಫಸ್ಟ್ ಇಯರ್ ಸ್ಟೂಡೆಂಟ್ಸ್‌ನ ಥಿಯೇಟರಿಗೆ ತಂದು ನಿಲ್ಲಿಸಿದ ಹಾಗಾಯ್ತಲ್ಲ."

"ಅಲ್ಲ ಡಾಕ್ಟ್ರೇ, ಒಳ್ಳೇದೇ ಆಯ್ತು," ಎಂದರು ಅಣ್ಣ. "ಅವನ ಮೊಣಕಾಲು ಹೋಗಿ ಆಯ್ತು. ಓಡುದು ನೋಡ್ಲಿಲ್ವಾ ನೀವು, ತಲೆ ಮೇಲೆ ಅಕ್ಕಿ ಮೂಟೆ ಇದ್ದವರ ಹಾಗೆ. ಈಗ ಕೊಟ್ರೆ ಮೂರು ಮಂದಿ ಸಿಗ್ತಾರೆ. ಎರಡು ವರ್ಷ ಬಿಟ್ಟು ಕೊಟ್ರೆ ಯಾರೂ ತಗೊಳ್ಳುದಿಲ್ಲ. ವೇರ್‌ಹೌಸಲ್ಲಿ ನಾನು ದಿನಾ ನೋಡುದು ಇದನ್ನೇ."

"ಮನುಷ್ಯ ಕಣ್ರೀ ಅವನು, ಪೆಟ್ಟಿಗೆ ಅಲ್ಲ. ನಮ್ಮ ಮೈಸೂರು ಟೀಮು ಯಾವತ್ತಾದರೂ ತನ್ನ ಆಟಗಾರನ್ನ ಮದರಾಸಿನವರಿಗೆ ಕೊಟ್ಟಿದ್ದುಂಟಾ?"

"ಕೊಡ್ಲಿಲ್ಲ ಡಾಕ್ಟ್ರೇ. ಅದಕ್ಕೇ ಮದರಾಸಿನವರ ಹತ್ರ ಸೋತದ್ದು."

ಬಾಗಿಲ ಸಂದಿಯಿಂದ ನಾನು ನೋಡುತ್ತಿದ್ದೆ. ಹುಡುಗಿ ಯಾರನ್ನೂ ನೋಡುತ್ತಿರಲಿಲ್ಲ. ಅಪ್ಪನ ಬಾಯಿಯನ್ನು ಮಾತ್ರ ನೋಡುತ್ತಿದ್ದಳು. ಅಜ್ಜಿ ಬತ್ತಿ ಹಿಡಿದ ಕೈಯಲ್ಲೇ ತಿರುಗಿ ಕೇಳಿದರು: "ಅವನನ್ನು ಯಾರಾದ್ರೂ ಕೇಳಿದ್ರಾ, ನಿನಗೆ ಹೋಗುದಕ್ಕೆ ಮನಸ್ಸುಂಟಾ ಅಂತ?"

ಆಗ ನಾನು ತಂಬಿಗೆ ಹಿಡಿದುಕೊಂಡೇ ಹೊರಗೆ ಬಂದೆ. ಅಣ್ಣ ಚಪ್ಪಲಿಗೆ ಕೈ ಹಾಕಿದರು, ಡಾಕ್ಟರು ಕನ್ನಡಕ ತೆಗೆದು ನಕ್ಕರು. ಹುಡುಗಿ ಉಸಿರು ಬಿಟ್ಟು ನನ್ನ ಮಂಡಿಗೆ ಎರಡು ಗುದ್ದು ಕೊಟ್ಟಳು. ಅಜ್ಜಿ ಮಾತ್ರ ನಗಲಿಲ್ಲ.

"ದೀಪ ಹಚ್ಚುವ ಹೊತ್ತಿಗೆ ಕೆಟ್ಟ ಮಾತು ಆಡ್ಬಾರ್ದು ಮಾರಾಯ. ಅಸ್ತು ದೇವತೆಗಳು ತಿರುಗುವ ಹೊತ್ತು ಇದು. ಯಾರ ಬಾಯಲ್ಲಿ ಏನು ಬಂತೋ ಅದಕ್ಕೆ ಅಸ್ತು ಹೇಳಿ ಹೋಗ್ತಾರೆ."

"ಅಜ್ಜಿ, ಹೊರಗೆ ಬಿಸಿಲು ಸುಡ್ತಾ ಉಂಟು," ಎಂದೆ, ಅಜ್ಜಿಯದೇ ದನಿಯಲ್ಲಿ. "ಈ ಊರಿನ ಅಸ್ತು ದೇವತೆಗಳು ಇನ್ನೂ ಮಧ್ಯಾಹ್ನದ ನಿದ್ದೆಯಲ್ಲೇ ಇದ್ದಾರೆ." ಎಲ್ಲರೂ ಮತ್ತೆ ನಕ್ಕರು. ನಾನು ನನ್ನ ಪಾಲಿನ ಸಾರು ಅನ್ನ ಉಂಡು ಹೊರಟೆ.

ಆ ವಾರವೇ ಗುರುವಾರ ಸಂಜೆ ಫ್ರೀವೇಯಲ್ಲಿ ಬರುತ್ತಿದ್ದೆ. ಕಾರಿನ ರೇಡಿಯೊ ಅದೇ ದನಿಯಲ್ಲಿ, ಅದೇ ಮೂಗಿನಲ್ಲಿ ಎಳೆದುಕೊಂಡು, ನಮ್ಮ ಎಡಗಡೆಯವನನ್ನು ಬೇರೆ ಟೀಮಿಗೆ ಕೊಡಲಾಗಿದೆ ಎಂದಿತು. ನಾನು ಮೊದಲು ಮಾಡಿದ ಕೆಲಸವೆಂದರೆ ನನ್ನ ಬಾಯಿ ಮುಟ್ಟಿ ನೋಡಿಕೊಂಡದ್ದು. ಮುಚ್ಚಿತ್ತು. ನನ್ನ ಗಂಟಲಿನಿಂದ ಹೊರಟ ಸುಳ್ಳು ನಾಲ್ಕು ದಿನ ಎಲ್ಲೋ ಸುತ್ತಾಡಿ ನಿಜವಾಗಿ ಮರಳಿ ಬಂದಿತ್ತು. ಬದಲಿಗೆ ಬಂದ ಎಳೆಯರು ಇಬ್ಬರು. ನಾನು ಮೂವರೆಂದಿದ್ದೆ. ಊರೂ ಬೇರೆ. ದಾರಿಯುದ್ದಕ್ಕೂ ಆ ಎರಡು ವ್ಯತ್ಯಾಸಗಳನ್ನು ಸಾಕ್ಷಿಗಳ ಹಾಗೆ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ನೇರ ಅಣ್ಣನ ಮನೆಗೆ ಹೋದೆ.

ಅಣ್ಣ ಆಗ ತಾನೇ ಕೆಲಸದಿಂದ ಬಂದಿದ್ದರು. ಹೇಳಿದೆ.

"ಸಾಕು ಮಾರಾಯ. ಒಂದು ಸಲ ಆದ್ರೆ ನಗು ಬರ್ತದೆ."

"ನಿಜ ಅಣ್ಣ. ದೇವರಾಣೆ."

"ಯಾರ ದನಿಯಲ್ಲಿ ಆಣೆ ಹಾಕುದು ನೀನು?"

ನಾನು ಎದ್ದು ರೇಡಿಯೊ ಹಾಕಿದೆ. ಹತ್ತು ನಿಮಿಷ ಜಾಹೀರಾತು ಕೇಳಿದ ಮೇಲೆ ಸುದ್ದಿ ಬಂತು. ಅಣ್ಣ ನಿಧಾನಕ್ಕೆ ಎದ್ದು ಅಡುಗೆಮನೆಯ ಬಾಗಿಲ ಹಿಂದೆ ಇಣುಕಿದರು. ನಾನು ಅವರ ಎದುರಿಗೇ ನಿಂತಿದ್ದೆ. ಆದರೂ ಇಣುಕಿದರು. ತಂಬಿಗೆ ಕಪಾಟಿನಲ್ಲಿತ್ತು. ಆಮೇಲೆ ಕುರ್ಚಿಯ ಮೇಲೆ ಕೂತು, ಬೂಟು ಬಿಚ್ಚುವುದನ್ನೂ ಮರೆತು, "ಅವನನ್ನು ಕೊಟ್ರಾ?" ಎಂದರು. "ಅವನನ್ನು? ತಲೆ ಸರಿ ಉಂಟಾ ಇವರಿಗೆ?"

"ಭಾನುವಾರ ನೀವೇ ಒಳ್ಳೇದಾಯ್ತು ಅಂದ್ರಲ್ಲ."

"ಅದು ಸುಳ್ಳಲ್ವಾ ಮಾರಾಯ. ಸುಳ್ಳು ಸುದ್ದಿಗೆ ಎಂತ ಹೇಳಿದ್ರೂ ನಡೀತದೆ."

ಡಾಕ್ಟರಿಗೆ ಫೋನು ಮಾಡಿದರು. ಅತ್ತ ಕಡೆಯಿಂದ ಬರುತ್ತಿದ್ದ ಮಾತು ನನಗೂ ಕೇಳುತ್ತಿತ್ತು. ಭಾನುವಾರ ಸರ್ಜನ್ನಿಗಾಗಿ ಕಣ್ಣೀರು ಹಾಕಿದ್ದ ಡಾಕ್ಟರು ಈಗ, "ನೋಡಿ ಸ್ವಾಮಿ, ನಿಮ್ಮ ಮಾತು ಯೋಚನೆ ಮಾಡ್ದೆ. ಮೊಣಕಾಲು ಒಂದು ಸಲ ಹೋದರೆ ಹೋದ ಹಾಗೇನೆ. ಹುಡುಗರಿಬ್ಬರೂ ಚೆನ್ನಾಗಿದ್ದಾರಂತೆ," ಎನ್ನುತ್ತಿದ್ದರು. ಅಣ್ಣ, "ನಿಮಗೆ ಕರುಳು ಉಂಟಾ ಡಾಕ್ಟ್ರೇ?" ಎಂದು ಕೇಳಿ ಫೋನು ಇಟ್ಟುಬಿಟ್ಟರು. ಒಂದೇ ಜಗಳವನ್ನು ಇಬ್ಬರೂ ಬದಿ ಬದಲಿಸಿಕೊಂಡು ಆಡಿದ್ದನ್ನು ನಾನು ಅನುಕರಿಸಬೇಕಿತ್ತು. ಅವತ್ತು ಬಾಯಿ ಬರಲಿಲ್ಲ.

ಯಾಕೆಂದರೆ ಹುಡುಗಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅಳಲಿಲ್ಲ. ಅಜ್ಜಿಯ ಹತ್ತಿರ ಹೋಗಿ ಇಂಗ್ಲಿಷಿನಲ್ಲಿ ಒಂದೇ ಪ್ರಶ್ನೆ ಕೇಳಿದಳು. ಅಸ್ತು ದೇವತೆಗಳು ನೋಡುವುದು ಉಡುಪಿಯ ಸಂಜೆಯನ್ನೋ, ಇಲ್ಲಿಯ ಸಂಜೆಯನ್ನೋ?

ಅಜ್ಜಿಗೆ ಅಷ್ಟು ಇಂಗ್ಲಿಷು ಅರ್ಥವಾಗುತ್ತಿತ್ತು. ನನ್ನ ಮುಖವನ್ನೂ ಒಮ್ಮೆ ನೋಡಿದರು. ನಾನು ಕಣ್ಣಲ್ಲೇ ಬೇಡಿಕೊಂಡೆ. ಆದರೆ ಅಜ್ಜಿ ಶಾಸ್ತ್ರದ ವಿಷಯದಲ್ಲಿ ಯಾರ ಮುಲಾಜಿಗೂ ಒಳಗಾಗುವವರಲ್ಲ. "ದೇವತೆಗಳಿಗೆ ಎಂತ ಗಡಿಯಾರ ಮಗಾ? ನಾನು ದೀಪ ಹಚ್ಚಿದಾಗ ಅವರಿಗೆ ಸಂಜೆ," ಎಂದರು.

ಅಲ್ಲಿಗೆ ತೀರ್ಪಾಯಿತು. "ನಾನು ಮೂರು ಜನ ಅಂದಿದ್ದೆ, ಬಂದಿರೋದು ಇಬ್ಬರು," ಎಂದು ನನ್ನ ಸಾಕ್ಷಿಗಳನ್ನು ಮುಂದೆ ತಂದೆ. ಹುಡುಗಿ ಕೇಳಿಸಿಕೊಳ್ಳಲಿಲ್ಲ. ಗೋಡೆಗೆ ಒರಗಿಸಿಟ್ಟಿದ್ದ ಬೋರ್ಡನ್ನು ಎತ್ತಿಕೊಂಡು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೈದಾನಕ್ಕೆ ಹೋಗುವುದು ಬೇಡ ಎಂದು ಒಳಗಿನಿಂದಲೇ ಹೇಳಿದಳು, ಇಂಗ್ಲಿಷಿನಲ್ಲಿ, ಅಪ್ಪನಿಗೆ. ನನಗೆ ಯಾವ ಭಾಷೆಯಲ್ಲೂ ಏನೂ ಹೇಳಲಿಲ್ಲ.

ನಾನು ಆ ಮೂರು ದಿನ ಅಂಜಿಕೊಂಡೇ ಇದ್ದೆ. ದೇವತೆಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಇದ್ದಿದ್ದರೆ ಅಷ್ಟು ಕಷ್ಟವಾಗುತ್ತಿರಲಿಲ್ಲವೇನೋ, ತಪ್ಪನ್ನು ಅವರ ತಲೆಗೆ ಕಟ್ಟಬಹುದಿತ್ತು. ತನ್ನ ಊರು, ತನ್ನ ಹುಲ್ಲು, ತನ್ನ ಮನೆ ಎಲ್ಲ ಇಲ್ಲಿ ಇರುವ ಒಬ್ಬ ಮನುಷ್ಯನನ್ನು ಬೆಳಿಗ್ಗೆ ಕರೆದು, ಸಂಜೆಗೆ ಬೇರೆ ಟೀಮಿನ ಅಂಗಿ ಹಾಕಿಕೋ ಎಂದು ಹೇಳಬಹುದು ಎನ್ನುವುದೇ ನನ್ನ ತಲೆಗೆ ಹೋಗುತ್ತಿರಲಿಲ್ಲ. ತಂಬಿಗೆ ಹಿಡಿದು ಅದನ್ನೇ ನಾನು ಸಲೀಸಾಗಿ ಓದಿದ್ದೆ.

ಭಾನುವಾರ ಹೋಗಲೋ ಬೇಡವೋ ಎಂದು ಯೋಚಿಸಿ, ಹಸಿವಾದ್ದರಿಂದ ಹೋದೆ. ಡಾಕ್ಟರೂ ಬಂದಿದ್ದರು. ಅಣ್ಣ ಅವರಿಗೆ ಕಾಫಿ ಕೊಟ್ಟಿದ್ದರು, ಆದರೆ ಮಾತಾಡಿಸಿರಲಿಲ್ಲ. ಹುಡುಗಿ ಫ್ರಿಜ್ಜಿನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ಮಡಿಲಲ್ಲಿ ಆ ಸ್ಟೀಲಿನ ತಂಬಿಗೆ. ನಾನು ಬಂದದ್ದನ್ನು ನೋಡಿಯೂ ನೋಡದವಳ ಹಾಗೆ ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದಳು. ನೀರು ಕುಡಿಯಲಿಕ್ಕಿರಬೇಕು ಎಂದುಕೊಂಡೆ.

ಆರೂವರೆಗೆ ಅಜ್ಜಿ ಕಡ್ಡಿ ಗೀರಿದರು. ಹುಡುಗಿ ತಂಬಿಗೆಯನ್ನು ಬಾಯಿಗೆ ಹಿಡಿದಳು.

"ಈಗ ಬಂದ ಸುದ್ದಿ," ಎಂದಳು. ನಾನು ಕಲಿಸಿದ ದನಿ, ನಾನು ಕಲಿಸಿದ ಎಳೆತ. ಆದರೆ ಕನ್ನಡ ಅಜ್ಜಿಯದು. "ಈ ಮನೆಯವರು ಭಾನುವಾರ ಊಟಕ್ಕೆ ಬರುವ ಅಂಕಲ್‌ನ ಬರ್ಕ್ಲಿಯ ಬೇರೆ ಮನೆಗೆ ಕೊಟ್ಟು ಆಯ್ತು. ಬದಲಿಗೆ ಇಬ್ಬರು ಹೊಸ ಹುಡುಗರು ಬರ್ತಾರೆ. ಅವರಿಗೆ ಮಿಮಿಕ್ರಿ ಬರುದಿಲ್ಲ. ಅದಕ್ಕೇ ತಗೊಂಡದ್ದು."

ಅಜ್ಜಿಯ ಕೈಯಲ್ಲಿ ಕಡ್ಡಿ ಉರಿಯುತ್ತಲೇ ಇತ್ತು. ಅಣ್ಣ ಡಾಕ್ಟರ ಮುಖ ನೋಡಿದರು, ಡಾಕ್ಟರು ಅಣ್ಣನ ಮುಖ ನೋಡಿದರು. ಹತ್ತು ವರ್ಷಕ್ಕೆ ಅವಳು ಎಲ್ಲರ ಎದುರು ಆಡಿದ ಮೊದಲ ಕನ್ನಡ ಅದು. ಅದರಲ್ಲಿ ನನ್ನನ್ನು ಮನೆಯಿಂದ ಕಳಿಸಿದ್ದಳು.

ನಾನು ನಗಬೇಕೆಂದು ಬಾಯಿ ತೆರೆದೆ. ಯಾರ ದನಿಯೂ ಸಿಗಲಿಲ್ಲ. "ನನ್ನನ್ನ ಯಾರೂ ಕೇಳಲೇ ಇಲ್ಲವಲ್ಲ," ಎಂದೆ. ಅದು ಯಾರ ದನಿ ಎಂದು ನನಗೇ ಗುರುತು ಹತ್ತಲಿಲ್ಲ.

ಹುಡುಗಿ ತಂಬಿಗೆ ಕೆಳಗಿಟ್ಟಳು. "ಕೇಳುದಿಲ್ಲ," ಎಂದಳು, ಈಗ ತನ್ನದೇ ದನಿಯಲ್ಲಿ. "ಯಾರನ್ನೂ ಕೇಳುದಿಲ್ಲ."

ಅಜ್ಜಿ ದೀಪ ಹಚ್ಚಿ, ಕಡ್ಡಿ ಆರಿಸಿ, ಮೊಮ್ಮಗಳ ಕಡೆ ತಿರುಗಿದರು. "ದೀಪದ ಹೊತ್ತಿಗೆ ಹೇಳಿದ್ದಿ ಮಗಾ. ಇನ್ನು ಅದನ್ನು ತಿರುಗಿಸ್ಲಿಕ್ಕೆ ಆಗುದಿಲ್ಲ."

ಹುಡುಗಿಯ ಮುಖ ಒಂದು ಕ್ಷಣ ಸಣ್ಣದಾಯಿತು. ಅಷ್ಟು ದೂರ ಅವಳು ಯೋಚಿಸಿರಲಿಲ್ಲ. ಸ್ಟೂಲಿನಿಂದ ಇಳಿದು, ಫ್ರಿಜ್ಜಿಗೆ ಅಂಟಿಸಿದ್ದ ಟೀಮಿನ ವೇಳಾಪಟ್ಟಿಯ ಮುಂದೆ ನಿಂತು, ಬೆರಳಿಟ್ಟು ಕೆಳಗೆ ಕೆಳಗೆ ಹುಡುಕಿದಳು. ಎಡಗಡೆಯವನ ಹೊಸ ಟೀಮು ಆಗಸ್ಟಿನಲ್ಲಿ ಇಲ್ಲಿಗೆ ಆಡಲು ಬರುವುದಿತ್ತು. ಅಲ್ಲಿ ಆಗಲೇ ಪೆನ್ಸಿಲಿನ ಗುಂಡು ಗೆರೆ ಇತ್ತು. ಮತ್ತೆ ತಂಬಿಗೆ ಎತ್ತಿಕೊಂಡಳು.

"ಆಗಸ್ಟ್‌ವರೆಗೆ ಮಾತ್ರ," ಎಂದಳು ಅವಸರದಲ್ಲಿ, ದೀಪವನ್ನು ನೋಡುತ್ತ. "ಆಮೇಲೆ ವಾಪಸ್ ಬರ್ಬೇಕು. ಬೋರ್ಡಿನ ಆ ಕಡೆ ಹಿಡಿಲಿಕ್ಕೆ ಜನ ಬೇಕು."

"ಅದೂ ದೀಪದ ಹೊತ್ತಿಗೇ ಹೇಳಿದ್ದು, ಅಲ್ವಾ ಅಜ್ಜಿ?" ಎಂದು ನಾನು ಕೇಳಿದೆ.

ಅಜ್ಜಿ ನನ್ನ ಮುಂದೆ ಬಟ್ಟಲು ಇಟ್ಟು, "ಕೂತ್ಕೋ. ಬರ್ಕ್ಲಿಯವರು ಕರೀಲಿಕ್ಕೆ ಬರುವವರೆಗೆ ಇಲ್ಲಿ ಊಟ ಉಂಟು," ಎಂದರು. ನಾನು ಬಾಯಿ ಮುಚ್ಚಿಕೊಂಡು ಉಂಡೆ.