ನಾಗೇಶ ಬರುವ ತನಕ

ಗ್ರೂಪ್ ಫೋಟೊ ಕೈಗೆ ಬಂದಾಗ ಪ್ರತಿಯೊಬ್ಬರೂ ಮೊದಲು ಹುಡುಕುವುದು ತಮ್ಮ ಮುಖವನ್ನೇ. ಅದು ಚೆನ್ನಾಗಿದ್ದರೆ ಫೋಟೊ ಚೆನ್ನಾಗಿದೆ. ಇಲ್ಲದಿದ್ದರೆ ಫೋಟೊ ತೆಗೆದವನಿಗೆ ಕೆಲಸ ಬರುವುದಿಲ್ಲ. ಇಂಥ ತೀರ್ಪುಗಳನ್ನು ಕೇಳಿದವರಿಗೂ ಕೇಳದವರಿಗೂ ಹಂಚುತ್ತಿದ್ದುದರಿಂದಲೇ ಹೈಸ್ಕೂಲಿನಲ್ಲಿ ನನಗೆ ‘ಅಜ್ಜ’ ಎಂಬ ಹೆಸರು ಬಿದ್ದದ್ದು.

ನಮ್ಮ ನಾಗೇಶನಿಗೆ ಮಾತ್ರ ಈ ಹುಡುಕಾಟದ ಭಾಗ್ಯವಿರಲಿಲ್ಲ. ಎಂಟನೇ ತರಗತಿಯ ಫೋಟೊದ ದಿನ ಅವನಿಗೆ ಮಂಗನಬಾವು. ಒಂಬತ್ತನೆಯದರ ದಿನ ಅಕ್ಕನ ಮದುವೆ. ಹತ್ತನೆಯದೇ ಕೊನೆಯ ಅವಕಾಶ. ಆಮೇಲೆ ಒಬ್ಬೊಬ್ಬರದು ಒಂದೊಂದು ಕಾಲೇಜು. ಹಿಂದಿನ ದಿನ ಬಾಳೆಗುಳಿಯ ಅಜ್ಜಿಮನೆಗೆ ಹೊರಟವನು ನಮ್ಮಿಂದ ಆಣೆ ಹಾಕಿಸಿಕೊಂಡೇ ಹೋದ: “ನಾ ಬರೂ ತನಕ ತೆಗೂಕೆ ಬಿಡಬೇಡ್ರೋ!”

ಬೆಳಿಗ್ಗೆ ಅಮದಳ್ಳಿಯ ನಮ್ಮ ಶಾಲೆಯಂಗಳಕ್ಕೆ ಬೆಂಚು ಬಂದವು, ಕುರ್ಚಿ ಬಂದವು, ಕುರ್ಚಿಗಳ ಮೇಲೆ ಮಾಸ್ತರರು ಬಂದರು, ಕಾರವಾರದಿಂದ ಫೋಟೊಗ್ರಾಫರೂ ಬಂದರು. ನಾಗೇಶ ಬರಲಿಲ್ಲ. ಮಕ್ಕಳ ಕೈಗೆ ಮೊಬೈಲು ನಿಷಿದ್ಧವಾದ್ದರಿಂದ ಎಲ್ಲಿದ್ದೀಯೆಂದು ಕೇಳುವಂತಿಲ್ಲ. ಹೆದ್ದಾರಿಯ ಮೇಲೊಂದು ಕಣ್ಣಿಟ್ಟುಕೊಂಡು, ನಾವು ಕಾಲವನ್ನು ತಡೆದು ನಿಲ್ಲಿಸುವ ಮಹಾಕಾರ್ಯಕ್ಕೆ ಇಳಿದೆವು. ಮೂರು ವರ್ಷ ಯಾವ ಗುಣಗಳಿಗಾಗಿ ಬೈಸಿಕೊಂಡಿದ್ದೆವೋ ಅವೇ ಅಂದು ಕೈಹಿಡಿದವು.

ಮೊದಲು ವಿನಾಯಕ. ಅವನ ಕಾಲುಗಳು ಒಂಬತ್ತನೇ ತರಗತಿಯಲ್ಲಿ ಒಮ್ಮೆಲೇ ಬೆಳೆಯುವ ನಿರ್ಧಾರ ಕೈಗೊಂಡಿದ್ದವು. ಪ್ಯಾಂಟಿಗೆ ಆ ಸುದ್ದಿ ಇನ್ನೂ ತಲುಪಿರಲಿಲ್ಲ. ಮುಂದೆ ನಿಂತರೆ ಹಿಂದಿನವರಿಗೆ ಗ್ರಹಣ, ಹಿಂದೆ ಬೆಂಚು ಹತ್ತಿದರೆ ಶಾಲೆಯ ಬೋರ್ಡಿಗೇ ಗ್ರಹಣ. ಅವನನ್ನು ಹತ್ತಿಸಿ ಇಳಿಸುವುದರಲ್ಲೇ ಎರಡು ಬಸ್ಸು ಹೋದವು.

ಆಮೇಲೆ ಪ್ರತೀಕ್ಷಾ. ಅವಳ ನಗು ಅವಳ ಆಡಳಿತಕ್ಕೆ ಒಳಪಟ್ಟದ್ದಲ್ಲ. ಪಾಣಿಪತ್ ಯುದ್ಧದ ಪಾಠಕ್ಕೂ ನಕ್ಕು ಬಾಗಿಲಾಚೆ ನಿಂತ ಹುಡುಗಿ. ಫೋಟೊಗ್ರಾಫರು “ಸ್ವಲ್ಪ ನಗಿ” ಎಂದದ್ದೇ ತಡ, ಶುರುವಾಯಿತು. ಪಕ್ಕದವಳಿಗೆ ಹಬ್ಬಿತು, ಬೆಂಚು ನಡುಗಿತು.

ಸುಜಾತಾ ಏನನ್ನೂ ಮಾಡಬೇಕಿರಲಿಲ್ಲ. ಕ್ಯಾಮೆರಾ ಕಂಡರೆ ಅವಳ ಕಣ್ಣು ತಾವಾಗಿಯೇ ಮುಚ್ಚುತ್ತವೆ. ಶಾಲೆಯ ಗುರುತಿನ ಚೀಟಿಯಲ್ಲೂ ಅವಳು ಧ್ಯಾನಸ್ಥೆ.

“ಅರೇ ದೇವಾ!” ಫೋಟೊಗ್ರಾಫರು ಹಣೆ ಚಚ್ಚಿಕೊಂಡರು. “ಅಲ್ಲಿ ನಾ ಫೋಟೊ ತೆಗೀಬೇಕಾದ ಮದುವೆ ಮುಹೂರ್ತ ಹತ್ರ ಬಂತು, ಇಲ್ಲಿ ಇವಳು ಕಣ್ಣೇ ಬಿಡೂದಿಲ್ಲ!”

ಇನ್ನು ಉಳಿದದ್ದು ನಾನು. ಎದ್ದು ನಿಂತು, ಶಾಲೆಯ ಸ್ಥಾಪನೆಯ ಕಾಲದಿಂದ ಆರಂಭಿಸಿ ವಂದನಾರ್ಪಣೆಗೆ ತೊಡಗಿದೆ. ಯಾವಾಗಲೂ ನನ್ನ ಭಾಷಣಕ್ಕೆ ಆಕಳಿಸುವವರು ಅಂದು ಪ್ರತಿ ವಾಕ್ಯಕ್ಕೂ ಚಪ್ಪಾಳೆ ತಟ್ಟಿದರು. “ಹೇಳು ಅಜ್ಜಾ,” ಪ್ರತೀಕ್ಷಾ ಹಿಂದಿನಿಂದ ಪಿಸುಗುಟ್ಟಿದಳು, “ಇವತ್ತೊಂದಿನ ಎಷ್ಟ್ ಬೇಕಾದ್ರೂ ಹೇಳು.”

“ಸಾಕೋ ಮಾರಾಯಾ, ಕೂತ್ಕೋ,” ಎಂದರು ಹೆಡ್‌ಮಾಸ್ತರು. “ಇನ್ನು ಒಂದೇ ಸಲ. ಕಣ್ಣು ಬಿಟ್ಟವರು ಬಿಟ್ರು, ಮುಚ್ಚಿದವರು ಮುಚ್ಚಿದ್ರು.”

ಫೋಟೊಗ್ರಾಫರು ಕ್ಯಾಮೆರಾ ಎತ್ತಿದರು. ಅಷ್ಟರಲ್ಲಿ ಗೇಟಿನಾಚೆ ಮೀನು ಮಾರುವವರ ಸ್ಕೂಟರಿನ ಪೊಂಪೊಂ! ಹಿಂದಿನ ಸೀಟಿನಲ್ಲಿ, ಮೀನಿನ ಪೆಟ್ಟಿಗೆಯನ್ನು ಮಗುವಿನಂತೆ ತಬ್ಬಿಕೊಂಡು ನಮ್ಮ ನಾಗೇಶ! ಬಾಳೆಗುಳಿಯಲ್ಲಿ ಅವಸರಕ್ಕೆ ಹತ್ತಿದ್ದು ಎಲ್ಲೆಂದರಲ್ಲಿ ನಿಲ್ಲದ ವೇಗದೂತ ಬಸ್ಸು. ಅದು ಅಮದಳ್ಳಿಯ ಮುಖವನ್ನೂ ನೋಡದೆ ಹಾದು, ಅವನನ್ನು ಬಿಣಗಾದಲ್ಲಿ ಇಳಿಸಿತ್ತು.

“ಬಸ್ ನಿಲ್ತದೋ ಇಲ್ವೋ ಕೇಳೂಕೆ ಏನಾಗಿತ್ತೋ ನಿಂಗೆ?” ವಿನಾಯಕ ಬೆಂಚಿನ ಮೇಲಿಂದಲೇ ಕೂಗಿದ.

“ಕೇಳ್ತಾ ಕೂತ್ರೆ ತಡ ಆಗ್ತಿತ್ತು ಮಾರಾಯಾ!” ಎನ್ನುತ್ತ ಓಡಿಬಂದು ನಾಗೇಶ ಬೆಂಚಿನ ತುದಿ ಹತ್ತಿದ. ನಾವೆಲ್ಲ ಅವನತ್ತ ತಿರುಗಿ ಹೋ ಎಂದು ಕಿರುಚಿದೆವು. ತಾಳ್ಮೆ ಮುಗಿದಿದ್ದ ಫೋಟೊಗ್ರಾಫರು ಅದೇ ಕ್ಷಣಕ್ಕೆ ಗುಂಡಿ ಒತ್ತಿದರು. ಹೆಡ್‌ಮಾಸ್ತರು ಕ್ಯಾಮೆರಾದಲ್ಲಿ ಇಣುಕಿ, ಬಹಳ ಹೊತ್ತು ನೋಡಿ, “ಇದೇ ಇರಲಿ. ಎಲ್ಲರೂ ಇದ್ದಾರಲ್ಲ,” ಎಂದರು.

ಆ ಫೋಟೊ ಈಗ ನಮ್ಮ ಜಗಲಿಯ ಗೋಡೆಯ ಮೇಲಿದೆ. ತರಗತಿಗೆ ತರಗತಿಯೇ ಒಂದು ಬದಿಗೆ ಕತ್ತು ತಿರುಗಿಸಿ ಬಾಯಿ ಬಿಟ್ಟಿದೆ. ಸುಜಾತಾಳ ಕಣ್ಣಂತೂ ಎಂದಿಲ್ಲದಷ್ಟು ಅಗಲ. ನಾಗೇಶನೊಬ್ಬ ಮಾತ್ರ ಎದೆ ಸೆಟೆಸಿ ಕ್ಯಾಮೆರಾವನ್ನೇ ನೋಡುತ್ತಿದ್ದಾನೆ. ಮನೆಗೆ ಬಂದ ಹಿರಿಯರು ಅವನನ್ನು ತೋರಿಸಿ, “ಇಡೀ ಕ್ಲಾಸಿನಲ್ಲಿ ಇವನೊಬ್ಬನೇ ನೋಡು ಶಿಸ್ತಿನ ಹುಡುಗ,” ಎನ್ನುತ್ತಾರೆ.

ನಾನು ಗಂಭೀರವಾಗಿ ಹೌದೆನ್ನುತ್ತೇನೆ.